ನರಿಯ ವರದಿ, ನುಗ್ಗೆಮರದ ಸಂಕ

ಒಂದು ಕಾಡಿನಲ್ಲಿ, ನಾನು ಕಾಲಿಟ್ಟ ಕಾಡುಗಳಲ್ಲೆಲ್ಲ ದೊಡ್ಡ ಕಾಡಿನಲ್ಲಿ, ಒಂದು ಹಳ್ಳವಿತ್ತು. ಅದರ ಸೆಳವು ಎಂಥದ್ದೆಂದರೆ, ಎಲೆ ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಮುದ್ರದಲ್ಲಿ! ನಾನು ಒಂದೇ ಕೈಯಲ್ಲಿ ಮೂರು ಸಲ ಈಜಿದ್ದೇನೆ, ಆ ಮಾತು ಬಿಡಿ.

ಹಳ್ಳ ದಾಟಲು ಹೊನ್ನೆಮರದ ಸಂಕ ಹಾಕಿಸು ಎಂದು ಸಿಂಹರಾಜ ತನ್ನ ಮಂತ್ರಿ ನರಿಗೆ ಹೇಳಿದ. ನರಿ ಗಟ್ಟಿ ಹೊನ್ನೆಯನ್ನು ತನ್ನ ಮನೆಯ ತೊಲೆ ಮಾಡಿಕೊಂಡಿತು. ಹಳ್ಳಕ್ಕೆ ನುಗ್ಗೆಮರ ಹಾಕಿಸಿ ಮೇಲೆ ಕೆಮ್ಮಣ್ಣು ಬಳಿಸಿತು. ನುಗ್ಗೆಮರ ಗೊತ್ತಲ್ಲ, ಕಾಗೆ ಕೂತರೂ ಲಟಕ್ ಎನ್ನುತ್ತದೆ.

ಒಂದು ಬೆಳಿಗ್ಗೆ ಸಂಕ ಮುರಿಯಿತು. ಮೇವಿಗೆ ಹೊರಟಿದ್ದ ಹನ್ನೊಂದು ಜಿಂಕೆಮರಿಗಳು ನೀರುಪಾಲಾದವು. ಕಾಡಿಗೆ ಕಾಡೇ ಅತ್ತಿತು.

“ತನಿಖೆ ಆಗಲಿ,” ಎಂದ ಸಿಂಹರಾಜ. ತನಿಖೆಗೆ ಯಾರು? ನರಿಯೇ!

ನರಿ ಮೂರು ತಿಂಗಳು ತನಿಖೆ ಮಾಡಿತು. ವರದಿ ಬರೆದು ಬರೆದು ಕಾಡಿನ ತೇಗದ ಮರಗಳಲ್ಲಿ ಎಲೆಯೇ ಉಳಿಯಲಿಲ್ಲ. ಕೊನೆಗೆ ಬಂಡೆ ಹತ್ತಿ ಓದಿತು: “ಸಂಕ ಗಟ್ಟಿಯಾಗಿತ್ತು. ಮರಿಗಳು ಅದರ ಮೇಲೆ ಕುಣಿದವು. ತಪ್ಪು ಮರಿಗಳದ್ದು.”

“ಕುಣಿತಕ್ಕೆ ತಾಳ ಹಾಕಿದ್ದು ತಾವೇನೋ, ಮಂತ್ರಿಗಳೇ?” ಎಂದು ಮಂಗ ಕಿಚಾಯಿಸಿತು. ಒಂದು ಪ್ರಾಣಿಯೂ ವರದಿ ನಂಬಲಿಲ್ಲ.

ಮರಿ ಕಳೆದುಕೊಂಡ ಜಿಂಕೆಯೊಂದು ಮುಂದೆ ಬಂತು. “ನನ್ನ ಕಂದ ಹುಟ್ಟಾ ಕುಂಟು, ಒಡೆಯಾ. ನಡೆಯುವುದೇ ಕಷ್ಟವಿತ್ತು. ಅದು ಕುಣಿಯಿತೇ?”

ನರಿ ಕೆಮ್ಮಿತು. “ವರದಿಯಲ್ಲಿ ಹಾಗೇ ಇದೆಯಮ್ಮಾ.”

ಈಗ ಹೊಸ ಸಂಕ ಬೇಕಾಯಿತು. ಹಳೆಯದು ಗಟ್ಟಿ ಎಂದು ಬರೆದ ಮೇಲೆ ಬೇರೆ ಮರ ಹಾಕಿಸುವುದು ಹೇಗೆ? ನರಿ ಮತ್ತೆ ನುಗ್ಗೆಯನ್ನೇ ಹಾಕಿಸಿತು. ಯಾರೂ ಅದರ ಮೇಲೆ ಕಾಲಿಡಲಿಲ್ಲ.

“ಮೊದಲು ಮಂತ್ರಿಗಳು ದಾಟಲಿ, ಕುಣಿಯದೆ ದಾಟಲಿ,” ಎಂದಿತು ಆ ಜಿಂಕೆ. “ದಾಟಿದರೆ ತಪ್ಪು ನಮ್ಮ ಮರಿಗಳದ್ದೇ ಎಂದು ಒಪ್ಪುತ್ತೇವೆ.”

“ಸರಿಯಾದ ಮಾತು. ಹೋಗಯ್ಯಾ ಮಂತ್ರಿ,” ಎಂದ ಸಿಂಹರಾಜ.

ನರಿ ಬಾಲ ಮುದುರಿಕೊಂಡು, ಉಸಿರು ಬಿಗಿಹಿಡಿದು, ಮೆಲ್ಲಮೆಲ್ಲಗೆ ಹೆಜ್ಜೆ ಇಟ್ಟಿತು. ಹತ್ತನೇ ಹೆಜ್ಜೆಗೆ ಲಟಕ್! ನರಿ ಮುರಿದ ತುಂಡಿಗೆ ಜೋತುಬಿದ್ದು ಕಿರುಚಿತು:

“ಅಯ್ಯೋ, ಕಾಪಾಡಿ! ನಾನು ಕುಣಿಯಲಿಲ್ಲ! ನನ್ನಾಣೆ, ಮರವೇ ನುಗ್ಗೆ! ಹೊನ್ನೆ ನನ್ನ ಮನೆಯಲ್ಲಿದೆ!”

“ಇದನ್ನು ಬರೆದುಕೊಳ್ಳಿ,” ಎಂದ ಸಿಂಹರಾಜ. “ಒಂದೇ ಎಲೆ ಸಾಕು.”

ಆನೆ ನರಿಯ ಬಾಲ ಹಿಡಿದು ದಡಕ್ಕೆಳೆಯಿತು. ಆಮೇಲೆ ಅದರ ಮನೆಯ ತೊಲೆ ಕಿತ್ತು ಹಳ್ಳಕ್ಕೆ ಹಾಕಿತು. ನರಿಗೆ ಮಂತ್ರಿಗಿರಿಯೂ ಹೋಯಿತು, ಸೂರೂ ಹೋಯಿತು. ಕುಂಟು ಮರಿಯ ತಾಯಿ ಎಲ್ಲರಿಗಿಂತ ಮೊದಲು ಹೊಸ ಸಂಕದ ಮೇಲೆ ನಡೆಯಿತು. ಅದು ಅಲುಗಲಿಲ್ಲ.

ನೀತಿ: ತಪ್ಪು ಮಾಡಿದವರೇ ತನಿಖೆ ಮಾಡಿದರೆ ಆ ವರದಿಯನ್ನು ಯಾರೂ ನಂಬುವುದಿಲ್ಲ, ನಂಬಲೂ ಬಾರದು.