ದೊಡ್ಡ ಪಿಟೀಲಿನ ಬೆಲೆ

ನಾಗವಳ್ಳಿಯ ದೊರೆ ಮುದ್ದಭೂಪನ ಸಭೆಗೆ ಒಂದು ದಿನ ಆಳೆತ್ತರದ ಪಿಟೀಲು ಬಂತು. ಇಬ್ಬರು ಹೊತ್ತು ತಂದರು. ತೊಟ್ಟಿಲಿನಷ್ಟು ಹೊಟ್ಟೆ, ಹಗ್ಗದಂಥ ತಂತಿ, ಮುಖ ಕಾಣುವಂಥ ಹೊಳಪು. ನಿಂತೇ ನುಡಿಸಬೇಕಾದ ವಿಲಾಯಿತಿ ವಾದ್ಯ.

ತಂದವನು ಬಂದರಿನ ವ್ಯಾಪಾರಿ ಅಂತಪ್ಪ ಶೆಟ್ಟಿ. "ನೂರು ವರ್ಷದ್ದು, ಮಹಾಪ್ರಭು! ಒಂದು ಬಿರುಕಿಲ್ಲ, ಒಂದು ತೇಪೆಯಿಲ್ಲ. ಮೆರುಗೂ ಮೊದಲು ಬಳಿದದ್ದೇ. ಸಾವಿರ ವರಹ ಕೊಟ್ಟರೆ ತಮ್ಮದು."

ಹೊಳೆಯುವುದನ್ನು ಕಂಡರೆ ದೊರೆಗೆ ಪ್ರಾಣ. ಆದರೂ ಸಾವಿರ ವರಹ! ಅವನು ಆಸ್ಥಾನದ ಜಾಣ ತಿಪ್ಪರಸನತ್ತ ತಿರುಗಿದ.

"ಎಲ್ಲ ಬಲ್ಲೆ ಅಂತ ಮೀಸೆ ತಿರುವುತ್ತೀಯಲ್ಲ, ಇದರ ನಿಜವಾದ ಬೆಲೆ ಹೇಳು. ಊಟದ ಹೊತ್ತಿಗೆ ಹೇಳದಿದ್ದರೆ ಇದನ್ನು ಬೆನ್ನ ಮೇಲೆ ಹೊತ್ತು ಪೇಟೆಯಲ್ಲಿ ಮೂರು ಸುತ್ತು ಬರಬೇಕು!"

ಸಭೆ ಗೊಳ್ಳೆಂದು ನಕ್ಕಿತು. ತಿಪ್ಪರಸನಿಗೆ ಮಾತ್ರ ನಗು ಬರಲಿಲ್ಲ. ಕುಳ್ಳನಾದ ಅವನ ತಲೆ ಆ ವಾದ್ಯದ ಹೆಗಲಿಗೂ ಮುಟ್ಟುತ್ತಿರಲಿಲ್ಲ. ಸಂಗೀತದಲ್ಲಂತೂ ಅವನಿಗೆ ಬರುತ್ತಿದ್ದದ್ದು ತಲೆದೂಗುವುದೊಂದೇ.

ಆಸ್ಥಾನ ವಿದ್ವಾಂಸ ಭೈರವಯ್ಯನವರು ಒಮ್ಮೆ ಕಮಾನು ಎಳೆದರು. ಎದೆಯೊಳಗೆ ಗುಂಯ್ ಎಂದಿತು. "ನಾದವೇನೋ ಸೊಗಸಾಗಿದೆ. ಮೆರುಗಿನ ಕೆಳಗೆ ಏನಿದೆಯೋ, ಕೆರೆದು ನೋಡಿದರೆ ತಿಳಿದೀತು."

"ಕೆರೆಯೋದೇ? ಉಗುರೂ ತಾಗಕೂಡದು!" ಶೆಟ್ಟಿ ಅಡ್ಡ ನಿಂತ.

ತಿಪ್ಪರಸ ವಾದ್ಯವನ್ನು ಒಂದು ಸುತ್ತು ಹಾಕಿ, ಮೂಗು ಹತ್ತಿರ ತಂದು ಮೂಸಿದ. ಸುಮ್ಮನೆ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಕೈಯಲ್ಲೊಂದು ಕಾಗದ ಹಿಡಿದು, ಮುಖ ಸಣ್ಣದು ಮಾಡಿಕೊಂಡು ಬಂದ.

"ಪ್ರಭು, ಪೇಚಾಯಿತು. ನೆರೆಯ ಅರಮನೆಯಲ್ಲಿ ದೊಡ್ಡ ಪಿಟೀಲು ಕಳುವಾಗಿದೆಯಂತೆ. ಗುರುತು ಬರೆದಿದ್ದಾರೆ: ನೂರು ವರ್ಷದ್ದು, ಬಿರುಕಿಲ್ಲ, ತೇಪೆಯಿಲ್ಲ, ಮೊದಲು ಬಳಿದ ಮೆರುಗು. ಇಟ್ಟುಕೊಂಡವನಿಗೆ ಕೋಳ ಹಾಕಿ ಕಳಿಸಬೇಕಂತೆ."

ಶೆಟ್ಟಿಯ ಮುಖ ಬಿಳಚಿಕೊಂಡಿತು. "ಅಯ್ಯೋ ಬುದ್ಧಿ, ಇದು ಅದಲ್ಲ!"

"ಎಲ್ಲ ಗುರುತೂ ಕೂಡುತ್ತದಲ್ಲ, ಶೆಟ್ಟರೇ."

"ಎಲ್ಲಿ ಕೂಡುತ್ತೆ? ಇಲ್ಲಿ ನೋಡಿ, ಕತ್ತು ಮುರಿದಿತ್ತು, ಅಂಟು ಹಾಕಿ ಕೂರಿಸಿದ್ದೀನಿ. ಹೊಟ್ಟೆಯಲ್ಲಿ ಎರಡು ಬಿರುಕು, ಒಳಗಿಂದ ತೇಪೆ. ಇಲ್ಲೆಲ್ಲ ಹುಳ ಕೊರೆದ ತೂತಿಗೆ ಮೇಣ ತುಂಬಿದ್ದೀನಿ!"

"ಮೆರುಗು?"

"ಹೋದ ವಾರದ್ದು! ಬೆನ್ನ ಕಡೆ ಇನ್ನೂ ಅಂಟುತ್ತೆ, ಮುಟ್ಟಿ ನೋಡಿ!" ಎನ್ನುತ್ತ ಶೆಟ್ಟಿ ತಾನೇ ಉಗುರಿನಿಂದ ಪರಪರ ಕೆರೆದು ತೋರಿಸಿದ.

"ಸಾವಿರ ವರಹದ ವಾದ್ಯ ಇದಲ್ಲ ಅನ್ನಿ."

"ಸಾವಿರವೇ? ಅರವತ್ತು ಕೊಟ್ಟರೆ ಹೆಚ್ಚು! ಹರಾಜಿನಲ್ಲಿ ನಾನೇ ನಲವತ್ತಕ್ಕೆ ಹಿಡಿದದ್ದು!"

"ಬೆಲೆ ಸಿಕ್ಕಿತು, ಪ್ರಭು" ಎಂದು ತಿಪ್ಪರಸ ಕಾಗದವನ್ನು ದೊರೆಯ ಕೈಗಿತ್ತ.

ದೊರೆ ಓದಿದ: "ಹುರಳಿ ಎರಡು ಸೇರು, ಬೆಲ್ಲ ಒಂದು ಅಚ್ಚು, ಮರೆಯದೆ ತನ್ನಿ..." ತಿಪ್ಪರಸನ ಹೆಂಡತಿ ಬರೆಸಿಕೊಟ್ಟ ಸಾಮಾನಿನ ಚೀಟಿ! ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಶೆಟ್ಟಿ ಇದ್ದಲ್ಲೇ ಕುಸಿದು ಕೂತ.

ಭೈರವಯ್ಯನವರಿಗೆ ನಾದ ಹಿಡಿಸಿತ್ತು. ಅರವತ್ತು ವರಹಕ್ಕೆ ವ್ಯಾಪಾರ ಮುಗಿಯಿತು. ಆಮೇಲೆ ದೊರೆ ಹುಬ್ಬೇರಿಸಿದ. "ತಿಪ್ಪರಸ, ನಮ್ಮೆದುರೇ ಇಷ್ಟು ಸುಳ್ಳು ಹೇಳಿದ ಈ ಶೆಟ್ಟಿಗೆ ಏನು ಶಿಕ್ಷೆ ಕೊಡೋಣ?"

ತಿಪ್ಪರಸ ಕೈಮುಗಿದ. "ಶಿಕ್ಷೆಯೇ, ಪ್ರಭು? ತನ್ನ ಸರಕಿನ ಹುಳುಕನ್ನು ಒಂದೂ ಬಿಡದೆ ತೋರಿಸಿ, ಕೊಂಡ ಬೆಲೆಯನ್ನೂ ಹೇಳಿದ ವ್ಯಾಪಾರಿಯನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ಇವರಿಗೆ ಒಂದು ಶಾಲು ಹೊದಿಸಿ!"

ದೊರೆ ನಗುನಗುತ್ತ ಶೆಟ್ಟಿಗೆ ಶಾಲನ್ನೂ ತಿಪ್ಪರಸನಿಗೆ ತನ್ನ ಕೊರಳ ಸರವನ್ನೂ ಕೊಟ್ಟ.