ಚೌಡಮ್ಮ ಆರಿಸಿದ ಹುಲ್ಲು

ಮನೆಗೆ ಮೊಟ್ಟಮೊದಲು ಮೇಕೆಮರಿಗಳು ಬರುವ ದಿನ, ಎಮ್ಮೆ ಚೌಡಮ್ಮನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹಸಿದು ಬರುವ ಕೂಸುಗಳು ಉಪವಾಸ ಮಲಗಬಾರದೆಂದು ಭತ್ತದ ಹುಲ್ಲನ್ನು ಮೂರು ಸಲ ಮೂಸಿ ಆರಿಸಿ, ನೆಲದ ಮೇಲೆ ಮೆತ್ತಗೆ ಹರಡಿದಳು.

“ಮೇಕೆ ಹೇಗೆ ತಿನ್ನುತ್ತದೆಂದು ಯಾರನ್ನಾದರೂ ಕೇಳಿದೆಯಾ, ಚೌಡಕ್ಕ?” ಎಂದಿತು ಕೋಳಿ.

“ಏಳು ಕರು ಸಾಕಿದವಳಿಗೆ ನೀನು ಹೇಳಿಕೊಡಬೇಡ, ತಿಪ್ಪೆ ಕೆದಕುವವಳೇ!”

ಮರಿಗಳು ಬಂದವು. ಹುಲ್ಲನ್ನೆಲ್ಲ ತುಳಿದಾಡಿ, ಹಸಿವೆಂದು ಅರಚತೊಡಗಿದವು.

“ತಿನ್ನಿರೋ ಮಕ್ಕಳಾ!”

“ತುಳಿದದ್ದನ್ನು ಹೇಗೆ ತಿನ್ನುವುದು, ದೊಡ್ಡಮ್ಮ? ನಮಗೆ ಮೇಲೆ ತೂಗುವುದೇ ಬೇಕು.”

ಚೌಡಮ್ಮ ಕೋಳಿಯ ಕಡೆ ನೋಡಲಿಲ್ಲ. ಬೇಲಿಯಲ್ಲಿ ಒಣಗಿದ್ದ ಅವರೆ ಬಳ್ಳಿಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಬಂದು ನಿಂತಳು. ಮರಿಗಳು ಹಿಂಗಾಲ ಮೇಲೆ ನಿಂತು ಎಲೆ ಕಿತ್ತು ತಿಂದವು. ಅವು ತಿಂದು ಮುಗಿಸುವವರೆಗೂ, ಕಣ್ಣಿನ ಮೇಲೆ ನೊಣ ಕೂತರೂ ಅವಳು ತಲೆ ಅಲ್ಲಾಡಿಸಲಿಲ್ಲ.