ಐದು ಬಿಲದ ಕಣಜ

ಕುರುಚಲು ಕಾಡು ಮುಗಿದು ಗದ್ದೆಬಯಲು ತೊಡಗುವ ಕಡೆ ಒಂದು ಕೆರೆ. ಕೆರೆಗೆ ಉದ್ದನೆಯ ಮಣ್ಣಿನ ಏರಿ. ಏರಿಯ ಮೇಲೊಂದು ಬೇವಿನ ಮರ, ಅದರ ಬುಡದಲ್ಲಿ ಯಾರೋ ಎಂದೋ ನಿಲ್ಲಿಸಿ ಕುಂಕುಮ ಹಚ್ಚಿದ ಒಂದು ಕಲ್ಲು. ಆ ಕಲ್ಲಿನಿಂದ ಹತ್ತು ಹೆಜ್ಜೆ ಆಚೆ, ಏರಿಯ ಹೊಟ್ಟೆಯೊಳಗೆ, ತಿಪ್ಪಯ್ಯನೆಂಬ ಹೆಗ್ಗಣದ ಮನೆಯಿತ್ತು.

ಹೆಗ್ಗಣದ ಮನೆಯೆಂದು ಮೂಗು ಮುರಿಯಬೇಡಿ, ಮಕ್ಕಳೇ. ಮಲಗಲು ಒಂದು ಕೋಣೆ, ಉಣ್ಣಲು ಒಂದು ಕೋಣೆ, ಎರಡರ ನಡುವೆ ಭತ್ತ ಕೂಡಿಡುವ ಕಣಜ, ಎಲ್ಲವೂ ಅಚ್ಚುಕಟ್ಟು. ಆ ಮನೆಯಲ್ಲಿ ತಿಪ್ಪಯ್ಯ, ಅವನ ತಾಯಿ ನಿಂಗಜ್ಜಿ, ಹೆಂಡತಿ ಸಾವಂತ್ರಿ, ಮಗಳು ಚೂಟಿ, ಮಗ ಮೊಂಡ ಇದ್ದರು. ಸಾವಂತ್ರಿ ಮತ್ತೆ ಬಸುರಿ. ಪುಷ್ಯ ಮಳೆಗೆ ಹೆರಿಗೆ ಎಂದು ನಿಂಗಜ್ಜಿ ಹೇಳಿದ್ದಳು.

ತಿಪ್ಪಯ್ಯ ದೈವಭಕ್ತ. ಬೆಳಗ್ಗೆ ಎದ್ದವನೇ ಬೇವಿನ ಬುಡದ ಕಲ್ಲಿಗೆ ಒಂದು ಕಾಳು ಇಟ್ಟು, ಕೈ ಮುಗಿದು, "ಶಿವಾ, ಮನೆ ಮುಚ್ಚಟೆಯಾಗಿರಲಿ" ಎನ್ನುವನು. ಆಮೇಲೆ ಒಳಗೆ ಬಂದು ಭತ್ತದ ರಾಶಿಗೆ ಬೆನ್ನು ಕೊಟ್ಟು ನಿಂತು, ಬಾಲ ಎತ್ತಿ ರಾಶಿಯನ್ನು ಅಳೆಯುವನು. ಹೆಗ್ಗಣಗಳ ಅಳತೆಯೇ ಬಾಲ.

ಹೋದ ವರ್ಷ ರಾಶಿ ನಾಲ್ಕು ಬಾಲ ಇತ್ತು. ಈ ವರ್ಷ ಗದ್ದೆಯವರು ಒಂದು ತೆನೆಯೂ ಬೀಳದಂತೆ ಜೋಪಾನವಾಗಿ ಕೊಯ್ದಿದ್ದರು. ಆದ್ದರಿಂದ ರಾಶಿ ಮೂರೇ ಬಾಲ.

ಹೆಗ್ಗಣಗಳು ತಿಂಗಳು ಎಣಿಸುವುದಿಲ್ಲ, ಮಳೆ ಎಣಿಸುತ್ತವೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ. ಈ ಆರು ಮಳೆ ಕಳೆಯುವವರೆಗೆ ಗದ್ದೆಯಲ್ಲಿ ಬರೀ ಹಸಿರು ಗರಿ, ಕಾಳಿಲ್ಲ. ಉತ್ತರೆ ಮಳೆ ಹಿಡಿದ ಮೇಲೆಯೇ ತೆನೆ ಹಾಲುಗಟ್ಟುವುದು. ಅಲ್ಲಿಯವರೆಗೆ ಕಣಜವೇ ಗತಿ. ನಡುವೆ ಹುಟ್ಟುವ ಮರಿಗಳಿಗೂ ಅದೇ ಗತಿ.

ತಿಪ್ಪಯ್ಯ ಲೆಕ್ಕ ಹಾಕಿದ. ಒಂದು ಮಳೆಗೆ ಅರ್ಧ ಬಾಲ. ಹಿಡಿತವಿದ್ದರೆ ಸಾಕು, ಇಲ್ಲದಿದ್ದರೆ ಇಲ್ಲ. ಅವನು ಯಾರನ್ನೂ ಕೇಳಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ಕೂತಿದ್ದಾಗ ಗಂಟಲು ಸರಿಮಾಡಿಕೊಂಡು, "ಕೇಳಿ, ಇವತ್ತಿನಿಂದ ಖರ್ಚು ಕಡಿತ" ಎಂದ.

"ಏನು ಕಡಿತ?" ಎಂದಳು ಸಾವಂತ್ರಿ, ಕೈಯಲ್ಲಿದ್ದ ಕಾಳನ್ನು ಅಲ್ಲೇ ಹಿಡಿದು.

"ಹಾಸಿಗೆಯ ನಾರಿಗೆ ಅಂತ ಗೀಜಗದ ಹಕ್ಕಿಗೆ ಕೊಡೋ ಕಾಳು ಬಂದ್. ಕಾಳು ಕೊಟ್ಟು ಅವ್ವನಿಗೆ ಅಗಿಯೋಕೆ ತರೋ ಕೊನ್ನಾರಿ ಗೆಡ್ಡೆ ಬಂದ್. ಮಕ್ಕಳಿಗೆ ಕೊಳ್ಳೋ ಮಿಡತೆ ತಿಂಡಿ ಬಂದ್. ಬಾಗಿಲಲ್ಲಿ ಇರುವೆಗೆ ಹಾಕೋ ನುಚ್ಚೂ ಬಂದ್."

"ಇರುವೆಯ ನುಚ್ಚು ಉಳಿಸಿ ಮಹಡಿ ಕಟ್ತೀಯೇನೋ ತಿಪ್ಪಾ?" ಎಂದಳು ನಿಂಗಜ್ಜಿ.

"ಅವ್ವಾ, ನಿನಗೆ ಗೊತ್ತಾಗಲ್ಲ. ಹೀಗೇ ಹೋದರೆ ಆಶ್ಲೇಷ ಮಳೆಗೆ ಕಣಜ ಗುಡಿಸಿಡಬೇಕಾಗುತ್ತೆ. ಆಗ ಹಸುಗೂಸುಗಳನ್ನು ಕಟ್ಟಿಕೊಂಡು ಯಾರ ಬಾಗಿಲಿಗೆ ಹೋಗೋದು?"

ಚೂಟಿ ಮೊಂಡನ ಮುಖ ನೋಡಿದಳು, ಮೊಂಡ ಅಜ್ಜಿಯ ಮುಖ ನೋಡಿದ. ಸಾವಂತ್ರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ತಿಪ್ಪಯ್ಯನಿಗೆ ತನ್ನ ಮಾತು ನಾಟಿತೆಂದು ಸಮಾಧಾನವಾಯಿತು. ನಾಟಿದ್ದು ಮಾತಲ್ಲ, ಹೆದರಿಕೆ ಎಂದು ಅವನಿಗೆ ತಿಳಿಯಲಿಲ್ಲ.

ಅವನಿಗೂ ಒಳಗೊಳಗೆ ಹೆದರಿಕೆಯೇ. ಅಂದು ಮಧ್ಯಾಹ್ನ ಎಲ್ಲರೂ ತೂಕಡಿಸುತ್ತಿದ್ದಾಗ ಅವನು ಕಣಜದಿಂದ ಒಂದು ಮುಷ್ಟಿ ಭತ್ತ ತೆಗೆದ. ಬೇವಿನ ಬೇರಿನ ಸಂದಿಯಲ್ಲಿ ಅದನ್ನು ಬಚ್ಚಿಟ್ಟ. 'ಬಾಣಂತಿಗೆ ಆಪತ್ಕಾಲಕ್ಕಿರಲಿ. ಹೇಳಿದರೆ ಇವರು ತಿಂದು ಮುಗಿಸುತ್ತಾರೆ' ಎಂದುಕೊಂಡ. ಮರುದಿನವೂ ಒಂದು ಮುಷ್ಟಿ, ಅದರ ಮರುದಿನವೂ ಒಂದು ಮುಷ್ಟಿ.

ನಾಲ್ಕನೆಯ ಬೆಳಗ್ಗೆ ಬಾಲ ಎತ್ತಿ ಅಳೆದರೆ ರಾಶಿ ಕುಸಿದಿತ್ತು. ತಿಪ್ಪಯ್ಯ ಕಣ್ಣುಜ್ಜಿಕೊಂಡ. ಬಾಲವೇ ಉದ್ದವಾಗಿದೆಯೇ ಎಂದು ಹಿಂತಿರುಗಿ ನೋಡಿಕೊಂಡ. ಇಲ್ಲ, ಬಾಲ ಇದ್ದಷ್ಟೇ ಇತ್ತು.

"ಇದೇನು ಸಾವಂತ್ರಿ? ಖರ್ಚು ಕಡಿಮೆಯಾಗಿದೆ, ಭತ್ತವೂ ಕಡಿಮೆಯಾಗಿದೆ!"

"ನನ್ನನ್ನೇನು ಕೇಳ್ತೀರಿ? ಅಳೆಯೋರು ನೀವು" ಎಂದಳು ಅವಳು, ಬೇರೆ ಕಡೆ ನೋಡುತ್ತ. ಅವಳ ಮೂಗಿನ ತುದಿಗೆ ಹಸಿ ಮಣ್ಣು ಮೆತ್ತಿತ್ತು. ತಿಪ್ಪಯ್ಯ ಅದನ್ನು ಗಮನಿಸಲಿಲ್ಲ. ಗಮನಿಸುವಷ್ಟು ಅವನ ತಲೆ ನೆಟ್ಟಗಿರಲಿಲ್ಲ.

ಅವನು ಮತ್ತೆ ಲೆಕ್ಕ ಹಾಕಿದ. ಉಂಡದ್ದಿಷ್ಟು, ಕಲ್ಲಿಗೆ ಇಟ್ಟದ್ದಿಷ್ಟು, ಸೋಮವಾರದ ಭಜನೆಗೆ ಬಂದ ಏಳು ಇಲಿಗಳಿಗೆ ಫಳಾರ ಕೊಟ್ಟದ್ದಿಷ್ಟು. ಫಳಾರ ದೇವರ ಬಾಬತ್ತಲ್ಲವೇ, ಅದು ಖರ್ಚಲ್ಲ. ತಾನು ಬಚ್ಚಿಟ್ಟ ಮುಷ್ಟಿಗಳು ಉಳಿತಾಯ, ಅದೂ ಖರ್ಚಲ್ಲ. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ಎಷ್ಟು ಸಲ ಎಣಿಸಿದರೂ ಲೆಕ್ಕ ಬಾಲ ಮಡಚಿಕೊಂಡು ಕೂತುಬಿಡುತ್ತಿತ್ತು.

ಕೊನೆಗೆ ಪಕ್ಕದ ಬಿಲದ ಏಡಿ ಕರಿಯಣ್ಣನ ಮೇಲೆ ಅನುಮಾನ ಬಂತು. ಹೋಗಿ ಬಾಗಿಲಲ್ಲಿ ನಿಂತ.

"ಕರಿಯಣ್ಣಾ, ನನ್ನ ಭತ್ತಕ್ಕೆ ಕೈ ಹಾಕಿದೆಯೇನಪ್ಪಾ?"

ಏಡಿ ಅಡ್ಡಡ್ಡ ನಡೆದು ಹೊರಗೆ ಬಂದಿತು. "ಕೈಯೇನೋ ದೊಡ್ಡದಿದೆ ಮಾರಾಯಾ, ಆದರೆ ನಿನ್ನ ಒಣಭತ್ತ ಅಗಿಯೋಕೆ ನನಗೆ ಹಲ್ಲು ಯಾರು ಕೊಟ್ಟರು? ಬಸವನಹುಳು ಇರೋವರೆಗೆ ನಿನ್ನ ಕಣಜ ನನಗೆ ಬೇಡ. ಹೋಗು, ನಿನ್ನ ಮನೆಯೋರನ್ನು ಕೂರಿಸಿಕೊಂಡು ಕೇಳು."

"ಮನೆಯವರನ್ನೇ? ನಾನೇ ಎಲ್ಲಾ ನಿಗಾ ಮಾಡ್ತಿದೀನಲ್ಲ!"

"ಅದಕ್ಕೇ ಹೀಗಾಗಿದೆ" ಎಂದು ಏಡಿ ಒಳಗೆ ಸರಿಯಿತು.

ತಿಪ್ಪಯ್ಯ ಕೇಳಲಿಲ್ಲ. ಊಟವನ್ನು ಮುಕ್ಕಾಲಿಗೆ ಇಳಿಸಿದ. ರಾಶಿ ಇನ್ನೂ ಬೇಗ ಕುಸಿಯಿತು. ಊಟವನ್ನು ಅರ್ಧಕ್ಕೆ ಇಳಿಸಿದ. ರಾಶಿ ಒಂದೂವರೆ ಬಾಲಕ್ಕೆ ಬಂತು. ಅರೆಹೊಟ್ಟೆಯಲ್ಲಿ ಮೊಂಡ ಮಂಕಾಗಿ ಕೂತ, ನಿಂಗಜ್ಜಿಗೆ ಕೂತಲ್ಲಿಂದ ಏಳಲಾಗಲಿಲ್ಲ. ಸಾವಂತ್ರಿಯ ಕಣ್ಣುಗಳು ಗುಳಿ ಬಿದ್ದವು. ತಿಪ್ಪಯ್ಯ ಕಲ್ಲಿನ ಮುಂದೆ ನಿಂತು, "ಶಿವನೇ, ತಿನ್ನದೆ ಇದ್ದರೂ ತೀರಿಹೋಗುವ ಅನ್ನ ಇದು ಯಾವುದಪ್ಪಾ?" ಎಂದು ಕೇಳಿದ. ಕಲ್ಲು ಏನು ಹೇಳೀತು?

ಕಡೆಗೆ ಅವನು ಒಂದು ದೊಡ್ಡ ಮಣ್ಣಿನ ಹೆಂಟೆ ಉರುಳಿಸಿ ತಂದು ಕಣಜದ ಬಾಗಿಲಿಗೆ ಒತ್ತಿದ. ತಾನೇ ಅದರ ಮುಂದೆ ಕೂತ.

"ಇನ್ನು ನನ್ನ ಕೈಯಿಂದಲೇ ಊಟ" ಎಂದ.

"ನಿಮ್ಮ ಮನೆ, ನಿಮ್ಮ ಹೆಂಟೆ" ಎಂದಳು ಸಾವಂತ್ರಿ. ಅಷ್ಟೇ ಹೇಳಿ ಒಳಗೆ ಹೋದಳು.

ಆದರೆ ಮಕ್ಕಳೇ, ಹೆಗ್ಗಣಗಳ ಮನೆಯಲ್ಲಿ ಬಾಗಿಲು ಮುಚ್ಚಿದರೆ ಏನು ಬಂತು? ಅಗೆಯುವುದು ಅವುಗಳ ಹುಟ್ಟುಗುಣ. ಅಷ್ಟೇಕೆ, ತಿಪ್ಪಯ್ಯನೇ ತನ್ನ ದಿನದ ಮುಷ್ಟಿ ತೆಗೆಯಲು ಹೆಂಟೆ ಸರಿಸಿದರೆ ಸದ್ದಾಗುತ್ತದೆಂದು, ಬೇವಿನ ಬೇರಿನ ಕಡೆಯಿಂದ ಕಣಜಕ್ಕೆ ಹಿಂಬಿಲ ತೋಡಿದ! ಮುಂದೆ ಕಾವಲು, ಹಿಂದೆ ಬಿಲ. ಹಾಗಿದ್ದೂ ಪ್ರತಿದಿನ ಬೆಳಗ್ಗೆ ರಾಶಿ ನೋಡಿ, 'ಯಾರಿದು, ಯಾರಿದು?' ಎಂದು ತಲೆ ಕೆರೆದುಕೊಳ್ಳುತ್ತಿದ್ದ.

ಇಷ್ಟರಲ್ಲಿ ಮೃಗಶಿರಾ ಮಳೆಯ ನಾಲ್ಕು ಹನಿ ಬಿದ್ದು ಏರಿ ನೆನೆಯಿತು. ಐದಾರು ದಿನ ಕಳೆದಿರಬೇಕು, ಏಡಿ ಕರಿಯಣ್ಣ ಬಾಗಿಲಿಗೆ ಬಂದ.

"ತಿಪ್ಪಯ್ಯಾ, ಏರಿ ಮೇಲೇ ಭತ್ತ ಬಿತ್ತಿದ್ದೀಯಲ್ಲೋ! ಗದ್ದೆ ಸಾಲದಾಯಿತೇ?"

ತಿಪ್ಪಯ್ಯ ಹೊರಗೆ ಹೋಗಿ ನೋಡಿದ. ಬೇವಿನ ಬೇರಿನ ಬಳಿ ಹಸಿರು ಮೊಳಕೆಗಳು ತಲೆ ಎತ್ತಿದ್ದವು. ಅದು ಅವನು ಬಚ್ಚಿಟ್ಟ ಜಾಗ. ಕಾಲಿನಿಂದ ಮಣ್ಣು ಎಳೆದು ಮುಚ್ಚಲು ಹೋದ.

"ಅಲ್ಲಿ ಮುಚ್ಚಿದರೆ ಇಲ್ಲಿ?" ಎಂದಿತು ಏಡಿ.

ಕಳ್ಳಿಗಿಡದ ಕೆಳಗೆ ಒಂದು ಮೊಳಕೆ ಗುಂಪು. ಒಡೆದ ಮಡಕೆಯ ಹತ್ತಿರ ಇನ್ನೊಂದು. ಲಂಟಾನ ಪೊದೆಯ ಅಂಚಿನಲ್ಲಿ ಅಕ್ಕಪಕ್ಕದಲ್ಲೇ ಎರಡು. ಒಟ್ಟು ಐದು ಕಡೆ. ಒಂದನ್ನು ತಾನು ಬಲ್ಲ. ಉಳಿದ ನಾಲ್ಕು ಯಾರವು? ತಿಪ್ಪಯ್ಯ ಬಾಯಿ ತೆರೆದು ನಿಂತಿದ್ದಂತೆಯೇ ಆಕಾಶ ಕಪ್ಪಾಯಿತು. ಆರಿದ್ರಾ ಮಳೆ ಧೋ ಎಂದು ಸುರಿಯಿತು.

ಅವನು ಮನೆಯೊಳಗೆ ಓಡಿದ. ಕಣಜದ ಬಾಗಿಲ ಹೆಂಟೆಯ ಅಡಿಯಿಂದ ನೀರು ಜಿನುಗುತ್ತಿತ್ತು! ಹೆಂಟೆ ತಳ್ಳಿ ನೋಡಿದರೆ, ಇಷ್ಟು ದಿನ ರಾಶಿಯ ಮರೆಯಲ್ಲಿದ್ದ ಕಣಜದ ಗೋಡೆಯಲ್ಲಿ ಐದು ಬಿಲ. ಐದರಿಂದಲೂ ಕೆಂಪು ನೀರು ಒಳಗೆ ಇಳಿಯುತ್ತಿತ್ತು.

"ಅಯ್ಯೋ, ಬಿಲ ಮುಚ್ಚಿ! ಎಲ್ಲರೂ ಬನ್ನಿ!" ಎಂದು ಕೂಗಿದ.

ಆಗ ಒಂದು ವಿಚಿತ್ರ ನಡೆಯಿತು. ಯಾವ ಬಿಲ ಯಾರು ಮುಚ್ಚಬೇಕೆಂದು ಯಾರೂ ಕೇಳಲಿಲ್ಲ. ಏಳಲಾರದ ನಿಂಗಜ್ಜಿ ಎದ್ದು ನೇರ ಎಡಗಡೆಯ ಬಿಲಕ್ಕೆ ಬೆನ್ನು ಕೊಟ್ಟಳು. ಸಾವಂತ್ರಿ ಮೂಲೆಯ ಬಿಲಕ್ಕೆ ಓಡಿದಳು. ಚೂಟಿ ಒಂದಕ್ಕೆ, ಮೊಂಡ ಇನ್ನೊಂದಕ್ಕೆ. ತಿಪ್ಪಯ್ಯನ ಕಾಲು ತಾನಾಗಿ ಬೇವಿನ ಕಡೆಯ ಬಿಲಕ್ಕೆ ಹೋಯಿತು. ಐವರೂ ಐದು ಬಿಲಕ್ಕೆ ಬೆನ್ನು ಕೊಟ್ಟು ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಹೊರಗೆ ಮಳೆಯ ಸದ್ದು.

"ಅವ್ವಾ, ನೀನೂ?" ಎಂದ ತಿಪ್ಪಯ್ಯ.

"ನೀನು ಅರ್ಧ ಊಟ ಮಾಡ್ತಿದ್ದೆಯಲ್ಲೋ ಮಗಾ. ಬಿದ್ದುಹೋದರೆ ಬಾಯಿಗೆ ಹಾಕೋಣ ಅಂತ ನಿನಗೇ ತೆಗೆದಿಟ್ಟೆ."

"ನಾನು ಹುಟ್ಟೋ ಮರಿಗಳಿಗೆ ಇಟ್ಟೆ" ಎಂದಳು ಸಾವಂತ್ರಿ. "ಕಣಜ ಬರಿದಾಗುತ್ತೆ ಅಂತ ಹೆದರಿಸಿದೋರು ನೀವು."

"ನಾನು ಅಜ್ಜಿಯ ಗೆಡ್ಡೆಗೆ" ಎಂದಳು ಚೂಟಿ.

ಮೊಂಡ ಬಾಲ ಕಚ್ಚಿಕೊಂಡು, "ಅಕ್ಕ ಮಾಡಿದಳು ಅಂತ ನಾನೂ ಮಾಡಿದೆ" ಎಂದ.

ಉಳಿದವನು ತಿಪ್ಪಯ್ಯ. ಎಲ್ಲರೂ ಅವನ ಬೆನ್ನ ಹಿಂದಿನ ಬಿಲವನ್ನೇ ನೋಡುತ್ತಿದ್ದರು. ಅವನಿಗೆ ನಾಚಿಕೆಯಾಯಿತು. "ಕಳ್ಳ ಯಾರು ಅಂತ ಇಷ್ಟು ದಿನ ಹುಡುಕಿದೆ. ಮೊದಲ ಮುಷ್ಟಿ ನನ್ನದೇ" ಎಂದ.

ಮಳೆ ನಿಂತ ಮೇಲೆ ಐವರೂ ಬಚ್ಚಿಟ್ಟದ್ದನ್ನೆಲ್ಲ ಹೊತ್ತು ತಂದು ಕಣಜದಲ್ಲಿ ಉಳಿದ ರಾಶಿಯ ಜೊತೆ ಸುರಿದರು. ಒಣಗಿದ್ದು ಒಂದು ಕಡೆ, ನೆನೆದು ಮೊಳೆತದ್ದು ಇನ್ನೊಂದು ಕಡೆ. ತಿಪ್ಪಯ್ಯ ಅಳೆದ. ಕೊಳೆತುಹೋದ ಕಾಲು ಬಾಲ, ಇಷ್ಟು ದಿನ ಉಂಡ ಕಾಲು ಬಾಲ ಬಿಟ್ಟರೆ ಉಳಿದದ್ದೆಲ್ಲ ಅಲ್ಲೇ ಇತ್ತು. ಎರಡೂವರೆ ಬಾಲ! ಅದರಲ್ಲಿ ಅರ್ಧ ಬಾಲ ಮೊಳೆತದ್ದು.

"ಮೊಳೆತದ್ದು ಮೊದಲು ಉಣ್ಣೋಣ, ಕೆಟ್ಟುಹೋಗುತ್ತೆ" ಎಂದಳು ಸಾವಂತ್ರಿ. ಅದು ಆರಿದ್ರಾ ಮಳೆಯ ಪಾಲಾಯಿತು. ಒಣಗಿದ್ದನ್ನು ನಿಂಗಜ್ಜಿ ಐದು ಗುಡ್ಡೆ ಮಾಡಿದಳು. ಒಂದೊಂದು ಮಳೆಗೆ ಒಂದೊಂದು ಗುಡ್ಡೆ, ಮರಿಗಳು ಹುಟ್ಟುವ ಪುಷ್ಯ ಮಳೆಯ ಗುಡ್ಡೆ ಮಾತ್ರ ಸ್ವಲ್ಪ ದೊಡ್ಡದು. ಯಾವ ಗುಡ್ಡೆ ಎಷ್ಟಿದೆ ಎಂದು ಮೊಂಡನ ಕಣ್ಣಿಗೂ ಕಾಣುತ್ತಿತ್ತು.

"ಈಗ ಖರ್ಚು ಕಡಿತ..." ಎಂದು ತಿಪ್ಪಯ್ಯ ಗಂಟಲು ಸರಿಮಾಡಿಕೊಂಡ.

"ನೀನು ಸ್ವಲ್ಪ ಸುಮ್ಮನಿರು" ಎಂದಳು ನಿಂಗಜ್ಜಿ. "ಅವರವರು ಬಿಡೋದನ್ನು ಅವರವರೇ ಹೇಳಲಿ. ನನ್ನ ಗೆಡ್ಡೆ ಅಮಾವಾಸ್ಯೆಗೆ ಒಂದು ಸಾಕು. ಇರುವೆಯ ನುಚ್ಚು ನನ್ನ ಎಲೆಯಿಂದಲೇ ಕೊಡ್ತೀನಿ."

"ಮಿಡತೆ ನಾವೇ ಹಿಡಿದುಕೊಳ್ತೀವಿ" ಎಂದಳು ಚೂಟಿ.

"ಗೀಜಗದ ನಾರು ಮಾತ್ರ ನಾನು ಬಿಡಲ್ಲ. ಹಸಿ ಮಣ್ಣಿನ ಮೇಲೆ ಎಳೆಮರಿ ಮಲಗಿಸೋಕಾಗುತ್ತಾ?" ಎಂದಳು ಸಾವಂತ್ರಿ. ಎಲ್ಲರೂ ಹೌದೆಂದರು. ತಿಪ್ಪಯ್ಯನೂ ಹೌದೆಂದ.

ಆಗ ಮೊಂಡ ಮೆಲ್ಲಗೆ ಕೇಳಿದ. "ಅಪ್ಪಾ, ಭಜನೆ ಇಲಿಗಳ ಫಳಾರ?"

ಸೋಮವಾರ ಏಳು ಇಲಿಗಳು ಹೊಟ್ಟೆ ತುಂಬ ತಿಂದು, 'ತಿಪ್ಪಯ್ಯನಂಥ ಧರ್ಮಾತ್ಮ ಇಲ್ಲ' ಎಂದು ಹೊಗಳಿ ಹೋಗುತ್ತಿದ್ದವು. ಆ ಹೊಗಳಿಕೆ ಅವನಿಗೆ ಬಲು ಸಿಹಿ. ಅವನು ಬಹಳ ಹೊತ್ತು ಮೀಸೆ ಸವರಿಕೊಂಡ.

"ದೇವರು ಹಾಡು ಕೇಳ್ತಾನೆ, ಫಳಾರ ಕೇಳಲ್ಲ. ನಾನು ಅದನ್ನು ಬಿಟ್ಟೆ" ಎಂದ.

ಮುಂದಿನ ಸೋಮವಾರ ಭಜನೆಗೆ ಎರಡೇ ಇಲಿಗಳು ಬಂದವು. ಹಾಡು ಮಾತ್ರ ಎಂದಿಗಿಂತ ಇಂಪಾಗಿತ್ತು.

ಹೆಂಟೆಯನ್ನು ತಿಪ್ಪಯ್ಯ ಉರುಳಿಸಿಕೊಂಡು ಹೋಗಿ ಮಳೆನೀರು ಬಾರದಂತೆ ಹೊರಬಾಗಿಲಿಗೆ ಒತ್ತಿದ. ಕಣಜದ ಬಾಗಿಲು ತೆರೆದೇ ಇತ್ತು. ಪುಷ್ಯ ಮಳೆಗೆ ಸಾವಂತ್ರಿ ನಾಲ್ಕು ಮರಿ ಹಾಕಿದಳು. ನಾಲ್ಕೂ ಗೀಜಗದ ನಾರಿನ ಮೇಲೆ ಬೆಚ್ಚಗೆ ಮಲಗಿದವು. ಮಘೆ ಮಳೆಯಲ್ಲಿ ಊಟ ಸ್ವಲ್ಪ ಬಿಗಿಯಾಯಿತು. ಬಿಗಿ ಎಂದು ಎಲ್ಲರಿಗೂ ಮೊದಲೇ ಗೊತ್ತಿದ್ದರಿಂದ ಯಾರೂ ಹೆದರಲಿಲ್ಲ.

ಉತ್ತರೆ ಮಳೆ ಹಿಡಿದು ಗದ್ದೆ ಹಾಲುಗಟ್ಟಿದ ಬೆಳಗ್ಗೆ ಕಡೆಯ ಗುಡ್ಡೆಯಲ್ಲಿ ಒಂದು ಮುಷ್ಟಿ ಭತ್ತ ಉಳಿದಿತ್ತು. ತಿಪ್ಪಯ್ಯ ಅದನ್ನು ಎತ್ತಿಕೊಂಡ. ಅವನ ಕಣ್ಣು ಒಮ್ಮೆ ಬೇವಿನ ಬೇರಿನ ಕಡೆ ಹೋಯಿತು. ಆಮೇಲೆ ಅವನು ಊಟದ ಕೋಣೆಗೆ ಬಂದು, ಎಲ್ಲರ ನಡುವೆ ಮುಷ್ಟಿ ಬಿಚ್ಚಿ ಕೇಳಿದ:

"ಇದಿಷ್ಟು ಮಿಕ್ಕಿದೆ. ಏನು ಮಾಡೋಣ, ಹೇಳಿ?"

ನೀತಿ: ಮನೆಯ ಖರ್ಚನ್ನು ಒಬ್ಬರೇ ಹೆದರಿಸಿ ಹಿಡಿಯಲು ಹೋದರೆ ಪ್ರತಿಯೊಬ್ಬರೂ ಗುಟ್ಟಾಗಿ ಒಂದೊಂದು ಬಿಲ ತೋಡುತ್ತಾರೆ; ಎಲ್ಲರೂ ಕೂತು ಲೆಕ್ಕ ಹಾಕಿದರೆ ಇರುವುದೇ ಸಾಕಾಗುತ್ತದೆ.